ಗೆರೆಯ ಹೊರಗೆ ಉಳಿದ ಚುಕ್ಕಿ

ದೆವ್ವ, ಶಕುನ, ಸತ್ತವರು ಬಂದು ಹೇಳಿಹೋಗುವುದು, ಇಂಥ ಯಾವುದನ್ನೂ ನಾನು ನಂಬಿದವಳಲ್ಲ. ನಮ್ಮ ಮಾರೇನಹಳ್ಳಿಯ ಹೆಂಗಸರು ಶ್ರೀಗಂಧದ ಕಾವಲಿನ ಕಡೆ ಸೌದೆಗೆ ಹೋಗಿ ಬಂದು, ಹುಣಸೆಮರದ ಹತ್ತಿರ ಯಾರೋ ಹೆಸರು ಹಿಡಿದು ಕರೆದರು ಎಂದು ಹೇಳುತ್ತ ಬೆವರು ಒರೆಸಿಕೊಳ್ಳುತ್ತಿದ್ದರೆ ನಾನು ನಗುತ್ತಿದ್ದೆ. ‘ಸೌದೆ ಕದಿಯೋಕೆ ಹೋದ್ರೆ ಕಾವಲಿನವನು ಕರೀದೆ ಇನ್ಯಾರು ಕರೀತಾರೆ?’ ಎಂದು ಕೇಳಿ ಬೈಸಿಕೊಂಡದ್ದೂ ಉಂಟು. ನಾನು ಓದಿದ್ದು ಮೂರನೆಯ ಕ್ಲಾಸಿನವರೆಗೆ ಮಾತ್ರ. ಆಮೇಲೆ ಅಕ್ಷರ ಮರೆಯದಂತೆ ಉಳಿಸಿಕೊಂಡದ್ದು ಅಂಗಡಿಯ ಪೊಟ್ಟಣಗಳನ್ನು ಬಿಡಿಸಿ ಓದಿ. ಬರೆಯುವುದರಲ್ಲಿ ತಪ್ಪಿದ್ದರೆ ಓದುವವರು ಕ್ಷಮಿಸಬೇಕು. ನಂಬಿ ಎಂದು ಮಾತ್ರ ನಾನು ಕೇಳುವುದಿಲ್ಲ. ನನಗೇ ಇನ್ನೂ ಅರ್ಥವಾಗದ್ದನ್ನು ನೀವು ನಂಬಲೇಬೇಕೆಂದು ಹೇಗೆ ಹೇಳಲಿ? ಇದರಲ್ಲಿ ಅರ್ಥವಾಗದ ಭಾಗ ಚಿಕ್ಕದು. ಉಳಿದದ್ದೆಲ್ಲ ನಾನು ಮಾಡಿದ್ದು. ಅದು ನನಗೆ ಚೆನ್ನಾಗಿಯೇ ಅರ್ಥವಾಗಿದೆ.

ನಮ್ಮ ತಾಯಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ ಅವಳು ದಿನಚರಿ ಇಟ್ಟವಳು. ಮನೆಯಲ್ಲಿ ಏನಾದರೂ ನಡೆದ ದಿನ, ಬೆಳಗ್ಗೆ ಬಾಗಿಲಿಗೆ ಹಾಕಿದ ರಂಗೋಲಿಯನ್ನೇ ಮಧ್ಯಾಹ್ನ ಕೆಲಸ ಮುಗಿದ ಮೇಲೆ ಒಂದು ಪುಸ್ತಕದಲ್ಲಿ ಪೆನ್ಸಿಲಿನಿಂದ ಚಿಕ್ಕದಾಗಿ ಹಾಕಿ ಇಡುತ್ತಿದ್ದಳು. ಆ ಪುಸ್ತಕ ಅವಳ ತಾಯಿಯಿಂದ ಬಂದದ್ದು. ನಮ್ಮ ತಾತ ಬಳೇಪೇಟೆಯಿಂದ ತಂದುಕೊಟ್ಟಿದ್ದನಂತೆ. ಕೆಂಪು ಬಟ್ಟೆಯ ರಟ್ಟು, ಒಳಗೆ ದಪ್ಪನೆಯ ಒರಟು ಕಾಗದ. ಮೊದಲ ಅರ್ಧದಲ್ಲಿ ಅಜ್ಜಿ ದೀಪದ ಮಸಿಯಲ್ಲಿ ಕಡ್ಡಿ ಅದ್ದಿ ಹಾಕಿದ ರಂಗೋಲಿಗಳು, ಆಮೇಲೆ ಅಮ್ಮನವು. ಬಿತ್ತನೆಯ ದಿನ ನೇಗಿಲು, ಹಸು ಕರು ಹಾಕಿದ ದಿನ ಗೊರಸು, ಮಗು ಹುಟ್ಟಿ ಪುರುಡು ಕಳೆದ ದಿನ ತೊಟ್ಟಿಲು. ನಮ್ಮ ಮನೆಯಲ್ಲಿ ಚಿನ್ನ ಬೆಳ್ಳಿ ಎಂಬುದಿರಲಿಲ್ಲ. ತಾಯಿಯಿಂದ ಹಿರಿಯ ಮಗಳಿಗೆ ಹೋಗುತ್ತಿದ್ದ ಸ್ವತ್ತು ಅದೊಂದೇ.

ಅಮ್ಮನ ಬರವಣಿಗೆಯಲ್ಲಿ ಇನ್ನೊಂದು ಗುಟ್ಟಿತ್ತು. ಚುಕ್ಕಿ ಇಟ್ಟು, ಅವುಗಳನ್ನು ಸುತ್ತಿ ಗೆರೆ ಎಳೆಯುವ ರಂಗೋಲಿಯಲ್ಲಿ ಒಂದು ಚುಕ್ಕಿಯೂ ಗೆರೆಯ ಹೊರಗೆ ಉಳಿಯಬಾರದು. ಉಳಿದರೆ ಮನೆಗೆ ಕೇಡು ಎಂದು ನಮ್ಮ ಕಡೆ ನಂಬಿಕೆ. ಬಾಗಿಲ ಮುಂದೆ ಅಮ್ಮ ಎಂದೂ ಹಾಗೆ ಬಿಟ್ಟವಳಲ್ಲ. ಪುಸ್ತಕದಲ್ಲಿ ಮಾತ್ರ, ಮನಸ್ಸು ನೊಂದ ದಿನ, ಒಂದು ಚುಕ್ಕಿಯನ್ನು ಹೊರಗೆ ಬಿಡುತ್ತಿದ್ದಳು. ಅಪ್ಪ ಕೈ ಮಾಡಿದ ದಿನ, ಅಜ್ಜಿ ಸತ್ತ ಸುದ್ದಿ ಬಂದ ದಿನ, ಜೋಡೆತ್ತಿನಲ್ಲಿ ಒಂದು ಬಾವಿಗೆ ಬಿದ್ದ ದಿನ. ಬೀದಿಯವರು ಕಂಡದ್ದು ತುಂಬು ರಂಗೋಲಿ. ಹೊರಗೆ ಉಳಿದ ಚುಕ್ಕಿಯ ಅರ್ಥ ಗೊತ್ತಿದ್ದವರು ನಾವಿಬ್ಬರು ಹೆಣ್ಣುಮಕ್ಕಳು ಮಾತ್ರ, ಅಕ್ಕ ಮತ್ತು ನಾನು.

ಅಕ್ಕನ ಹೆಸರು ಗೌರಮ್ಮ. ನನಗಿಂತ ಎಂಟು ವರ್ಷ ದೊಡ್ಡವಳು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಅಮ್ಮ ಪುಸ್ತಕ ಬಿಚ್ಚಿದಾಗಲೆಲ್ಲ ಪಕ್ಕದಲ್ಲಿ ಅಕ್ಕ ಇರಬೇಕು. ನಾನು ಹತ್ತಿರ ಹೋದರೆ ಅಮ್ಮ ‘ಕೈ ತೊಳ್ಕೊಂಡು ಬಾರೇ’ ಎನ್ನುತ್ತಿದ್ದಳು. ತೊಳೆದು ಬಂದರೂ ಕೆಲವು ಪುಟಗಳು ಬಂದಾಗ ‘ಪುಟ್ಟೀ, ಗಡಿಗೇಲಿ ನೀರಿದ್ಯಾ ನೋಡು’ ಎಂದು ಎಬ್ಬಿಸಿ ಕಳಿಸುತ್ತಿದ್ದಳು. ಗಡಿಗೆಯಲ್ಲಿ ನೀರು ಯಾವಾಗಲೂ ಇರುತ್ತಿತ್ತು. ನಾನು ತಿರುಗಿ ಬರುವ ಹೊತ್ತಿಗೆ ಪುಟ ಮಗುಚಿರುತ್ತಿತ್ತು. ಮಕ್ಕಳ ಹೊಟ್ಟೆಕಿಚ್ಚನ್ನು ದೊಡ್ಡವರು ಆಟ ಎಂದುಕೊಳ್ಳುತ್ತಾರೆ. ನನ್ನದು ಆಟವಾಗಿರಲಿಲ್ಲ.

ಅಕ್ಕನನ್ನು ಕೆಂಗೇರಿಗೆ ಕೊಟ್ಟರು. ರೇಷ್ಮೆಹುಳು ಸಾಕುವ ಮನೆ. ಕೆಲವು ವರ್ಷಗಳ ಮೇಲೆ ನನಗೂ ಮದುವೆಯಾಗಿ, ಹೊಸದಾಗಿ ಮನೆಗಳೇಳುತ್ತಿದ್ದ ರಾಜಾಜಿನಗರಕ್ಕೆ ಬಂದೆ. ನಮ್ಮ ಯಜಮಾನರಿಗೆ ಕಾರ್ಖಾನೆಯಲ್ಲಿ ಕೆಲಸ. ಅಪ್ಪ ಆಗಲೇ ತೀರಿಹೋಗಿದ್ದರು. ಅಮ್ಮ ಜ್ವರದಿಂದ ಮಲಗಿದಾಗ ಹತ್ತಿರದಲ್ಲಿದ್ದ ನಾನೇ ಹೋಗಿ ನೋಡಿಕೊಂಡೆ. ಅಕ್ಕನಿಗೆ ಎಳೆಮಗು, ಅದಕ್ಕೂ ಮೈ ಸರಿಯಿರಲಿಲ್ಲ. ಕೊನೆಯ ಹಿಂದಿನ ದಿನ ಅಮ್ಮ ತಲೆದಿಂಬಿನ ಕೆಳಗಿನಿಂದ ಪುಸ್ತಕ ತೆಗೆಸಿ ನನ್ನ ಕೈಯಲ್ಲಿಟ್ಟಳು.

‘ಇದು ಗೌರೀಗೆ. ನೀನು ಬಿಚ್ಚಬೇಡ ಕಣೇ. ಅವಳೇ ಬಿಚ್ಚಿ ನಿಂಗೆ ತೋರಿಸ್ತಾಳೆ.’

ನನ್ನ ಕಿವಿಗೆ ಬಿದ್ದದ್ದು ‘ನೀನು ಬಿಚ್ಚಬೇಡ’ ಎಂಬುದು ಮಾತ್ರ. ಉಳಿದ ಮಾತು ಕಿವಿಗೆ ಬೀಳಲು ಬಹಳ ವರ್ಷ ಹಿಡಿಯಿತು.

ಮಾರನೆಯ ದಿನ ಮಧ್ಯಾಹ್ನ ಅಮ್ಮ ಹೋದಳು. ಕೆಂಗೇರಿಗೆ ಸುದ್ದಿ ಮುಟ್ಟಿ ಅಕ್ಕ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳು ಬರುವುದಕ್ಕೆ ಮೊದಲೇ ನಾನು ಕೊಟ್ಟಿಗೆಯಲ್ಲಿ ಕೂತು ಪುಸ್ತಕ ಬಿಚ್ಚಿದ್ದೆ. ಅಮ್ಮನ ಪುಟಗಳಲ್ಲಿ ತೊಟ್ಟಿಲು ಇದ್ದದ್ದು ಎರಡೇ. ಮೊದಲನೆಯದು ಅಕ್ಕ ಹುಟ್ಟಿದ್ದು. ಎಂಥ ತೊಟ್ಟಿಲು ಅಂತೀರಿ! ನಾಲ್ಕು ಮೂಲೆಗೂ ಗಿಳಿ, ನಡುವೆ ಕಮಲ. ಬಹಳ ಪುಟಗಳಾದ ಮೇಲೆ, ಸಂಕ್ರಾಂತಿಯ ಎತ್ತಿನ ರಂಗೋಲಿಯ ಹಿಂದೆಯೇ, ಎರಡನೆಯದು. ಅದು ನಾನು. ಗಿಳಿಯಿಲ್ಲ, ಕಮಲವಿಲ್ಲ, ಬರಿಯ ತೊಟ್ಟಿಲು. ಅದರ ಕಾಲಿನ ಹತ್ತಿರ ಗೆರೆಯ ಹೊರಗೆ ಒಂದು ಚುಕ್ಕಿ.

ನಾನು ಹುಟ್ಟಿದ್ದಕ್ಕೆ ನಮ್ಮಮ್ಮ ನೊಂದಿದ್ದಳು. ನಾನು ಓದಿಕೊಂಡದ್ದು ಹಾಗೆ. ಗಂಡಾಗುತ್ತದೆ ಎಂದು ಕಾದು, ಎಂಟು ವರ್ಷದ ಮೇಲೆ ಮತ್ತೆ ಹೆಣ್ಣಾದದ್ದಕ್ಕೆ ಎಂದುಕೊಂಡೆ. ಈ ಪುಟ ಬಂದಾಗಲೇ ನನ್ನನ್ನು ನೀರು ನೋಡಲು ಕಳಿಸುತ್ತಿದ್ದರು, ನಾನು ಬೇಡದ ಮಗು ಎಂದು ಅಕ್ಕನಿಗೆ ಮೊದಲಿನಿಂದಲೂ ಗೊತ್ತು, ಇಬ್ಬರೂ ಕೂತು ನೋಡಿ ನಕ್ಕಿರಬೇಕು ಎಂದೂ ಅನ್ನಿಸಿತು. ಅತ್ತು ಅತ್ತು ಕಣ್ಣು ಊದಿಕೊಂಡಿತು. ಬಂದವರೆಲ್ಲ ‘ಪಾಪ, ತಾಯಿ ಮೇಲೆ ಎಷ್ಟು ಜೀವ’ ಎಂದರು.

ಹನ್ನೊಂದನೆಯ ದಿನ ಅಕ್ಕ ಕೇಳಿದಳು. ಅವಳ ಅತ್ತೆಯೂ ಪಕ್ಕದಲ್ಲಿ ಎಲೆ ಮಡಿಸುತ್ತ ಕೂತಿದ್ದರು.

‘ಪುಟ್ಟಿ, ಅಮ್ಮನ ಪುಸ್ತಕ ಎಲ್ಲೇ?’

‘ಅಮ್ಮನ ಜೊತೇಲೇ ಹೋಯ್ತು ಕಣಕ್ಕ. ಸೌದೆ ಮೇಲೆ ಜೊತೆಗೆ ಹಾಕಿ ಅಂತ ಅಮ್ಮನೇ ಹೇಳಿದ್ಲು.’

‘ಅಮ್ಮನೇ ಹೇಳಿದ್ಲಾ?’

‘ನಂಗೇನು ಗೊತ್ತಿತ್ತು. ಇಟ್ಕೊಂಡಿದ್ದೋರು ಹೋದಾಗ ಜೊತೆಗೆ ಹೋಗ್ಬೇಕಂತೆ. ನಮ್ಮಲ್ಲಿ ಅದೇ ಪದ್ಧತಿಯಂತೆ.’

ಅಜ್ಜಿ ಸತ್ತಾಗ ಪುಸ್ತಕ ಸುಟ್ಟಿರಲಿಲ್ಲ, ಅದು ಮೊದಲೇ ಅಮ್ಮನ ಕೈಗೆ ಬಂದಿತ್ತು ಎಂಬುದು ಅಕ್ಕನಿಗೆ ಗೊತ್ತಿಲ್ಲದ್ದಲ್ಲ. ಅವಳು ನನ್ನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು. ಅತ್ತೆಯ ಮುಂದೆ ತವರಿನವಳನ್ನು ಸುಳ್ಳಿ ಎನ್ನಲು ಅವಳಿಗೆ ಆಗಲಿಲ್ಲ. ಅತ್ತೆ ಮಾತ್ರ ಎಲೆ ಮಡಿಸುತ್ತ, ‘ಒಂದೊಂದು ಮನೇಲಿ ಒಂದೊಂದು ಪದ್ಧತಿ ಕಣಮ್ಮ’ ಎಂದರು.

ಪುಸ್ತಕವನ್ನು ರಾಜಾಜಿನಗರಕ್ಕೆ ತಂದು ಟ್ರಂಕಿನ ತಳದಲ್ಲಿ, ಮದುವೆಯ ಸೀರೆಯ ಕೆಳಗೆ ಇಟ್ಟೆ. ಯಜಮಾನರಿಗೂ ಹೇಳಲಿಲ್ಲ. ಅವರು ಕೆಲಸಕ್ಕೆ ಹೋದ ಮೇಲೆ ತೆಗೆದು ಆ ಎರಡು ಪುಟಗಳನ್ನೇ ನೋಡುತ್ತಿದ್ದೆ. ಒಂದು ದಿನ ತಡೆಯಲಾಗಲಿಲ್ಲ. ಕಾರ್ಖಾನೆಯಲ್ಲಿ ಚೀಟಿ ಬರೆಯಲು ಅವರಿಗೆ ಕೊಡುತ್ತಿದ್ದ ಪೆನ್ಸಿಲೊಂದಿತ್ತು. ನಾಲಿಗೆಗೆ ಮುಟ್ಟಿಸಿ ಬರೆದರೆ ನೇರಳೆ ಬಣ್ಣ ಬಿಡುತ್ತಿತ್ತು, ಅಳಿಸಲು ಬರುತ್ತಿರಲಿಲ್ಲ. ಅದರಿಂದ ನನ್ನ ತೊಟ್ಟಿಲಿನ ಗೆರೆಯನ್ನು ಎಳೆದು ತಂದು ಆ ಹೊರಗಿನ ಚುಕ್ಕಿಯನ್ನು ಸುತ್ತಿಬಿಟ್ಟೆ. ಅಮ್ಮನ ಬೂದು ಗೆರೆಗೆ ನನ್ನ ನೇರಳೆ ಗೆರೆ ಕೂಡಲಿಲ್ಲ, ಕಂಬಳಿಹುಳುವಿನ ಹಾಗೆ ದಪ್ಪಗೆ ಬಿತ್ತು. ಆ ದಿನ ಮಧ್ಯಾಹ್ನ ಪಕ್ಕದ ಮನೆಯ ಶಾರದಮ್ಮ ‘ಏನ್ರೀ, ನೇರಳೆಹಣ್ಣು ಒಬ್ರೇ ತಿಂದ್ರಾ?’ ಎಂದು ನನ್ನ ಬಾಯಿ ನೋಡಿ ಕೇಳಿದರು. ಅದು ನೇರಳೆಹಣ್ಣಿನ ಕಾಲವೇ ಆಗಿರಲಿಲ್ಲ.

ಹೀಗೆ ನಾಲ್ಕು ವರ್ಷ ಕಳೆಯಿತು. ಅಕ್ಕ ಹಬ್ಬಕ್ಕೆ ಬರುತ್ತಿದ್ದಳು, ನಾನು ಹೋಗುತ್ತಿದ್ದೆ. ಪುಸ್ತಕದ ಮಾತು ಅವಳು ಎತ್ತಲಿಲ್ಲ. ಅವಳ ಮಗಳು ನಾಗು ನನ್ನನ್ನು ಬಹಳ ಹಚ್ಚಿಕೊಂಡಿದ್ದಳು. ನಾಲ್ಕನೆಯ ವರ್ಷದ ಧನುರ್ಮಾಸದಲ್ಲಿ ಅಕ್ಕನಿಗೆ ಎರಡನೆಯ ಹೆರಿಗೆ ಕೆಟ್ಟಿತು. ಮಗು ಉಳಿಯಲಿಲ್ಲ. ಅವಳಿಗೆ ಮೈಯೆಲ್ಲ ಊದಿಕೊಂಡು ಜ್ವರ ಇಳಿಯಲಿಲ್ಲ. ಸಂಕ್ರಾಂತಿಯ ಎಳ್ಳುಬೆಲ್ಲ ಕಟ್ಟಿಕೊಂಡು ನೋಡಲು ಹೋದೆ. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಗೋಡೆಯಾಚೆ ಹುಳುಗಳು ಸೊಪ್ಪು ತಿನ್ನುವ ಸದ್ದು ಸೋನೆ ಮಳೆಯ ಹಾಗೆ ಕೇಳುತ್ತಿತ್ತು.

‘ಪುಟ್ಟಿ, ಈಗಾದ್ರೂ ನಿಜ ಹೇಳೇ. ಪುಸ್ತಕ ಐತಾ?’

‘ಇಲ್ಲ ಅಂದ್ನಲ್ಲಕ್ಕ.’

‘ಬೈಯೋಕಲ್ಲ ಕಣೇ. ಅದರಾಗೆ ಒಂದು ಪುಟ ತೋರ್ಸಿ ನಿಂಗೊಂದು ಮಾತು ಹೇಳ್ಬೇಕಿತ್ತು. ಅಮ್ಮನಿಗೆ ಮಾತು ಕೊಟ್ಟಿದ್ದೆ. ಬರೀ ಬಾಯಲ್ಲಿ ಹೇಳಿದ್ರೆ ನೀನು ನಂಬೋಳಲ್ಲ, ಹುಟ್ಟಾ ಮೊಂಡಿ.’

ಅವಳು ನಗುತ್ತಲೇ ಹೇಳಿದ್ದು. ನನಗೆ ಮೈ ಉರಿಯಿತು. ಹೇಳಬಾರದ್ದು ಬಾಯಿಗೆ ಬಂದುಬಿಟ್ಟಿತು.

‘ಏನು ತೋರಿಸ್ತೀಯ? ನಿನ್ನ ತೊಟ್ಟಿಲಲ್ಲಿ ಕಮಲ ಇತ್ತು, ನನ್ನದರಲ್ಲಿ ಇರ್ಲಿಲ್ಲ ಅಂತಾನಾ?’

ಅಕ್ಕ ಊದಿದ ಕಣ್ಣುಗಳಿಂದ ನನ್ನನ್ನೇ ನೋಡಿದಳು. ಆಮೇಲೆ ‘ಆಯ್ತು ಬಿಡೇ. ಹೊತ್ತಾಯ್ತು, ರೈಲು ಹೋಗ್ಬಿಡುತ್ತೆ’ ಎಂದಳು. ರೈಲು ಕೆಂಗೇರಿ ಬಿಟ್ಟು ಸ್ವಲ್ಪ ದೂರ ಬಂದ ಮೇಲೆ ನನಗೆ ಹೊಳೆಯಿತು. ಅಮ್ಮ ಬದುಕಿರುವಾಗ ಆ ಪುಟಗಳನ್ನು ನನಗೆ ತೋರಿಸಿಯೇ ಇರಲಿಲ್ಲ. ಕಮಲದ ವಿಷಯ ನನಗೆ ಗೊತ್ತಿದೆ ಎಂದರೆ ಪುಸ್ತಕ ನನ್ನ ಹತ್ತಿರವಿದೆ ಎಂದೇ ಅರ್ಥ. ಅಕ್ಕನಿಗೆ ತಿಳಿದುಹೋಗಿತ್ತು. ತಿಳಿದೂ ಕೇಳದೆ ರೈಲಿಗೆ ಕಳಿಸಿದ್ದಳು.

ಮಾರನೆಯ ದಿನವೇ ಪುಸ್ತಕ ತೆಗೆದುಕೊಂಡು ಹೋಗಿ ಕಾಲಿಗೆ ಬೀಳಬೇಕಿತ್ತು. ಹೋಗಲಿಲ್ಲ. ಕೊಟ್ಟರೆ ನೇರಳೆ ಗೆರೆಗೆ ಏನು ಹೇಳುವುದು? ಕದ್ದದ್ದನ್ನಾದರೂ ತಡೆದುಕೊಂಡಾಳು, ಅಮ್ಮನ ಪುಟವನ್ನು ಕೆಡಿಸಿದ್ದನ್ನು ತಡೆದುಕೊಳ್ಳಲಾರಳು ಎನ್ನಿಸಿತು. ಇವತ್ತು ನಾಳೆ ಎಂದು ನಾಲ್ಕು ದಿನ ಹೋಯಿತು.

ಐದನೆಯ ದಿನ ನಡೆದದ್ದನ್ನು ಹಾಗೆಯೇ ಹೇಳುತ್ತೇನೆ. ಬೆಳಗಿನ ಜಾವ ಮೊದಲ ಪಾಳಿಯ ಸೈರನ್ ಆಗಿ, ಯಜಮಾನರು ಸೈಕಲ್ ಹತ್ತಿ ಹೋದರು. ಆಗ ಬಾಗಿಲ ಮುಂದೆ ಏನೂ ಇರಲಿಲ್ಲ. ಅವರನ್ನು ಕಳಿಸಲು ನಾನೇ ಹೊರಗೆ ನಿಂತಿದ್ದೆ. ಒಳಗೆ ಬಂದು ಬಕೆಟ್ಟಿನಲ್ಲಿ ಸಗಣಿ ನೀರು ಕಲಸಿ, ಪೊರಕೆ ಹಿಡಿದು ಮತ್ತೆ ಹೊರಗೆ ಬಂದೆ. ಕಾಲು ಗಂಟೆಯೂ ಆಗಿರಲಿಲ್ಲ. ಮಂಜು ಬೀಳುತ್ತಿತ್ತು, ಆದರೂ ಬೆಳಕು ಹರಿದಿತ್ತು. ನನ್ನ ಬಾಗಿಲು ಆಗಲೇ ಸಾರಿಸಿತ್ತು. ನೆಲ ಹಸಿಯಾಗಿತ್ತು. ಅದರ ಮೇಲೆ ರಂಗೋಲಿ.

ಅದು ನನ್ನ ತೊಟ್ಟಿಲು. ಗಿಳಿಯಿಲ್ಲದ, ಕಮಲವಿಲ್ಲದ ಅದೇ ತೊಟ್ಟಿಲು, ಬಾಗಿಲಗಲಕ್ಕೆ. ಅಮ್ಮನ ಕೈಯ ತಿರುವು ನನಗೆ ಗೊತ್ತು. ಮೂಲೆಯಲ್ಲಿ ಗೆರೆ ತಿರುಗಿಸುವಾಗ ಅವಳು ಹೆಬ್ಬೆರಳನ್ನು ಒತ್ತುತ್ತಿದ್ದಳು, ಅಲ್ಲಿ ಪುಡಿ ಸ್ವಲ್ಪ ಹೆಚ್ಚು ಬೀಳುತ್ತಿತ್ತು. ಇಲ್ಲಿಯೂ ಹಾಗೆಯೇ ಬಿದ್ದಿತ್ತು. ಆದರೆ ಅಕ್ಕನ ಕೈಯೂ ಅದೇ, ಅಮ್ಮನಿಂದ ಕಲಿತದ್ದು. ತೊಟ್ಟಿಲಿನ ಕಾಲಿನ ಹತ್ತಿರ ಆ ಚುಕ್ಕಿ ಗೆರೆಯ ಹೊರಗೇ ಇತ್ತು. ನನ್ನ ನೇರಳೆ ಗೆರೆ ಸುತ್ತಿದ್ದ ಜಾಗ ಬರಿದಾಗಿತ್ತು. ಅಷ್ಟೇ ಅಲ್ಲ. ಮೇಲೆ, ತೊಟ್ಟಿಲಿನ ಹಗ್ಗದ ಪಕ್ಕದಲ್ಲಿ, ಇನ್ನೊಂದು ಚುಕ್ಕಿ ಹೊರಗಿತ್ತು. ಪುಸ್ತಕದಲ್ಲಿ ಆ ಎರಡನೆಯ ಚುಕ್ಕಿ ಇಲ್ಲ.

ಸಾರಿಸಿದ ನೆಲದ ಮೇಲೆ ಒಂದೇ ಒಂದು ಹೆಜ್ಜೆಯ ಗುರುತಿರಲಿಲ್ಲ. ಬಗ್ಗಿ ಬೆರಳಿಗೆ ಹಚ್ಚಿ ನೋಡಿದೆ. ಅಕ್ಕಿಹಿಟ್ಟು. ರಾಜಾಜಿನಗರಕ್ಕೆ ಬಂದ ಮೇಲೆ ನಾನು ಹಾಕುತ್ತಿದ್ದುದು ಬೀದಿಯಲ್ಲಿ ಮಾರಲು ಬರುವ ಕಲ್ಲಿನ ಪುಡಿ. ನಮ್ಮದು ರಾಗಿ ತಿನ್ನುವ ಮನೆ, ಅಂದು ಮನೆಯಲ್ಲಿ ಅಕ್ಕಿಹಿಟ್ಟು ಇರಲೇ ಇಲ್ಲ. ಅಕ್ಕಿಹಿಟ್ಟಿನಲ್ಲೇ ರಂಗೋಲಿ ಹಾಕುತ್ತಿದ್ದವಳು ಅಮ್ಮ, ಇರುವೆಗಳಿಗೆ ಊಟವಾಗಲಿ ಎಂದು. ನಾನು ನೋಡುತ್ತಿದ್ದಂತೆಯೇ ಇರುವೆಗಳು ಸಾಲಾಗಿ ಬಂದವು.

ನನಗೆ ಭ್ರಮೆಯಾಗಿತ್ತು ಎಂದು ನೀವು ಹೇಳಬಹುದು. ನಾನೂ ಹಾಗೆಂದುಕೊಳ್ಳಲು ಬಹಳ ಪ್ರಯತ್ನಪಟ್ಟಿದ್ದೇನೆ. ಆದರೆ ಶಾರದಮ್ಮ ನಲ್ಲಿ ನೀರಿಗೆ ಕೊಡ ಹಿಡಿದು ಹೊರಟವರು ನಿಂತುಬಿಟ್ಟರು.

‘ಏನ್ರೀ ಇದು, ಎಷ್ಟು ಚೆನ್ನಾಗಿ ಹಾಕಿದೀರಾ! ತೊಟ್ಟಿಲು ಬೇರೆ. ಏನಾದ್ರೂ ವಿಶೇಷಾನಾ?’ ಎಂದು ನಕ್ಕರು. ಆಮೇಲೆ ಬಗ್ಗಿ ನೋಡಿ, ‘ಅಯ್ಯೋ, ಎರಡು ಚುಕ್ಕಿ ಬಿಟ್ಟುಬಿಟ್ಟಿದೀರಲ್ರೀ. ಸುತ್ತಿಬಿಡಿ, ಸುತ್ತಿಬಿಡಿ. ಬಾಗಿಲಲ್ಲಿ ಹಾಗೆ ಬಿಡಬಾರದು ಕಣ್ರೀ’ ಎಂದರು.

ನಾನು ಸುತ್ತಲಿಲ್ಲ. ಒಂದು ಸಲ ಸುತ್ತಿದ್ದೇ ಸಾಕಾಗಿತ್ತು. ಬಕೆಟ್ಟನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ ಟ್ರಂಕು ತೆಗೆದೆ. ಪುಸ್ತಕ ಇಟ್ಟಲ್ಲೇ ಇತ್ತು, ಸೀರೆಯ ಮಡಿಕೆ ಕದಲಿರಲಿಲ್ಲ. ಅದನ್ನು ಸೆರಗಿನೊಳಗೆ ಸಿಕ್ಕಿಸಿಕೊಂಡು, ಮಾಗಡಿ ರಸ್ತೆಯವರೆಗೆ ಓಡಿ, ಜಟಕಾ ಹಿಡಿದು ಸ್ಟೇಷನ್ನಿಗೆ ಹೋಗಿ ಮೈಸೂರು ಕಡೆಯ ಪ್ಯಾಸೆಂಜರ್ ಹತ್ತಿದೆ. ದಾರಿಯುದ್ದಕ್ಕೂ ಅಕ್ಕ ಹೋಗಿಬಿಟ್ಟಳು ಎಂದೇ ಅಂದುಕೊಂಡಿದ್ದೆ.

ಅಕ್ಕ ಬದುಕಿದ್ದಳು. ಮಾತು ಮಾತ್ರ ನಿಂತುಹೋಗಿತ್ತು. ಅವಳ ಅತ್ತೆ ಜಗಲಿಯ ಮೇಲೇ ನನ್ನ ಕೈ ಹಿಡಿದುಕೊಂಡರು.

‘ಯಾರು ಹೇಳಿ ಕಳಿಸಿದ್ರಮ್ಮ? ನಾವಿನ್ನೂ ಆಳು ಕಳಿಸಿಲ್ಲ. ಮೊನ್ನೆಯಿಂದ ಮಾತಿಲ್ಲ. ನಿನ್ನೆಯಿಂದ ಬೆರಳಲ್ಲಿ ಕಂಬಳಿ ಮೇಲೆ ಏನೋ ಸುತ್ತುತ್ತಾನೇ ಇದ್ಲು ಕಣಮ್ಮ. ಏನು ಮಾಡಿದ್ರೂ ಕೈ ನಿಲ್ಲಿಸಲ್ಲ. ಇವತ್ತು ಬೆಳಕು ಹರಿಯೋ ಹೊತ್ತಿಗೆ ತಾನಾಗೇ ನಿಲ್ಲಿಸಿದ್ಲು.’

ಅವರನ್ನು ಹೊರಗೇ ಬಿಟ್ಟು ಒಳಗೆ ಹೋದೆ. ಪುಸ್ತಕವನ್ನು ಕಂಬಳಿಯ ಮೇಲೆ ಇಟ್ಟೆ. ಅಕ್ಕನ ಕಣ್ಣಲ್ಲಿ ಆಶ್ಚರ್ಯವಿರಲಿಲ್ಲ. ಹಾಳೆ ಮಗುಚಲು ಅವಳಿಗೆ ಆಗಲಿಲ್ಲ. ನಾನು ಮಗುಚುತ್ತ ಹೋದೆ, ಅವಳು ನೋಡುತ್ತ ಹೋದಳು. ನನ್ನ ತೊಟ್ಟಿಲಿನ ಪುಟ ಬಂದಾಗ ಕೈ ಎತ್ತಿ ನಿಲ್ಲಿಸಿದಳು. ನೇರಳೆ ಗೆರೆಯನ್ನು ನೋಡಿದಳು. ಬೆವರಿದ ತೋರುಬೆರಳಿನಿಂದ ಅದನ್ನು ಉಜ್ಜತೊಡಗಿದಳು. ಮೆಲ್ಲಗೆ, ಮಗುವಿನ ಬಾಯಿ ಒರೆಸುವ ಹಾಗೆ. ಆ ಬಣ್ಣ ಅಳಿಸುವಂಥದ್ದಲ್ಲ. ಒದ್ದೆ ತಾಗಿ ಇನ್ನಷ್ಟು ಹರಡಿ ಚುಕ್ಕಿಯೇ ಮುಚ್ಚಿಹೋಯಿತು. ಅವಳ ಬೆರಳ ತುದಿ ನೇರಳೆಯಾಯಿತು. ‘ತಪ್ಪಾಯ್ತಕ್ಕ, ನಾನೇ ಮಾಡಿದ್ದು’ ಎಂದೆ. ಅವಳು ಏನೋ ಹೇಳಲು ಬಾಯಿ ತೆರೆದಳು. ಗಂಟಲಿನಿಂದ ಗಾಳಿ ಬಂತು, ಮಾತು ಬರಲಿಲ್ಲ. ಆ ಚುಕ್ಕಿಯಿದ್ದ ಜಾಗದ ಮೇಲೆ ಬೆರಳಿಟ್ಟು, ಆಮೇಲೆ ಅದೇ ಬೆರಳನ್ನು ನನ್ನ ಎದೆಯ ಕಡೆ ತೋರಿಸಿ, ಅಲ್ಲ ಎನ್ನುವಂತೆ ತಲೆಯಾಡಿಸಿದಳು. ಎರಡು ಸಲ ಹಾಗೆ ಮಾಡಿದಳು. ನನಗೆ ಅರ್ಥವಾಗಲಿಲ್ಲ. ನೀನು ನನ್ನ ತಂಗಿಯೇ ಅಲ್ಲ ಎನ್ನುತ್ತಿದ್ದಾಳೆ ಎಂದುಕೊಂಡೆ.

ಮಾರನೆಯ ದಿನ ಅಕ್ಕ ಹೋದಳು. ನಾಗುವನ್ನು ನಾನು ಎತ್ತಿಕೊಂಡಿದ್ದೆ. ಮೈ ತೊಳೆಯಲು ಕಂಬಳಿ ತೆಗೆದಾಗ ಪುಸ್ತಕ ಕೆಳಗೆ ಬಿತ್ತು. ಅತ್ತೆ ಎತ್ತಿಕೊಂಡು ತಿರುಗಿಸಿ ನೋಡಿದರು.

‘ಇದೇನಿದು? ರಂಗೋಲಿ ಪುಸ್ತಕ?’

ಎಲ್ಲರೂ ನನ್ನನ್ನು ನೋಡಿದರು. ಅಮ್ಮನದು ಎಂದರೆ, ಸುಟ್ಟ ಪುಸ್ತಕ ಎಲ್ಲಿಂದ ಬಂತು ಎಂದು ಕೇಳುತ್ತಾರೆ. ‘ಅಕ್ಕಂದು’ ಎಂದೆ. ‘ಅವಳೇ ಬರೆದಿಟ್ಟಿದ್ದು.’

‘ಅವಳದೇ ಅಂದ್ಮೇಲೆ ಅವಳ ಜೊತೇಲೇ ಹೋಗ್ಲಿ’ ಎಂದರು ಅತ್ತೆ. ‘ನಿಮ್ಮಲ್ಲಿ ಅದೇ ಪದ್ಧತಿ ಅಂತ ನಿಮ್ಮಮ್ಮನ ಹನ್ನೊಂದನೇ ದಿನ ನೀನೇ ಹೇಳಿದ್ಯಲ್ಲಮ್ಮ. ತವರಿನ ಪದ್ಧತಿ ನಾವ್ಯಾಕೆ ತಪ್ಪಿಸ್ಬೇಕು?’

ಒಳ್ಳೆಯ ಹೆಂಗಸು. ಸತ್ತ ಸೊಸೆಗೆ ತವರಿನ ಮರ್ಯಾದೆ ನಡೆಸಬೇಕೆಂಬುದಷ್ಟೇ ಅವರ ಮನಸ್ಸಿನಲ್ಲಿದ್ದದ್ದು. ಬೇಡ, ಇದು ನಾಗುಗೆ ಸೇರಬೇಕಾದ್ದು ಎಂದು ನಾನು ಹೇಳಬೇಕಿತ್ತು. ಆ ಮಗು ನನ್ನ ಸೊಂಟದ ಮೇಲೆಯೇ ಇತ್ತು. ಒಂದು ಮಾತು ಸಾಕಾಗಿತ್ತು. ಆ ಮಾತು ಹೇಳಿದರೆ ಅದರ ಹಿಂದೆ ಉಳಿದದ್ದನ್ನೆಲ್ಲ ಹೇಳಬೇಕಾಗುತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಪುಸ್ತಕವನ್ನು ಅಕ್ಕನ ಎದೆಯ ಮೇಲಿಟ್ಟು ಕೈ ಜೋಡಿಸಿದರು. ಎಷ್ಟು ತೊಳೆದರೂ ಅವಳ ಬೆರಳಿನ ನೇರಳೆ ಹೋಗಿರಲಿಲ್ಲ. ನಾಲ್ಕು ವರ್ಷದ ಹಿಂದೆ ನಾನು ಆಡಿದ ಸುಳ್ಳು ಆವತ್ತು ನಿಜವಾಯಿತು.

ಎಲ್ಲ ಮುಗಿಸಿ ಬಂದು ಜಗಲಿಯಲ್ಲಿ ಕೂತಿದ್ದಾಗ ಅತ್ತೆ ತಾವಾಗಿಯೇ ಹೇಳಿದರು. ‘ಅವಳಿಗೆ ನಿಂದೇ ಕೊರಗು ಕಣಮ್ಮ. ಜ್ವರ ಜಾಸ್ತಿ ಆದಾಗೆಲ್ಲ, ನನ್ನ ತಂಗಿಗೆ ಹೇಳ್ಲೇ ಇಲ್ಲ, ಹೇಳ್ಲೇ ಇಲ್ಲ ಅಂತಿದ್ಲು. ನೀನು ಹುಟ್ಟಿದಾಗ ಜೋಡಿಯಂತಲ್ಲ. ಇನ್ನೊಂದು ಕೂಸು ಉಸಿರೇ ಬಿಡ್ಲಿಲ್ವಂತೆ. ಬದುಕಿದ ಕೂಸಿಗೆ ಆ ಮಾತು ಹೇಳಿದ್ರೆ ಹೋದದ್ದು ಇದನ್ನೂ ಕರೀತದೆ ಅಂತ ನಿಮ್ಮಮ್ಮ ಹೆದರ್ಕೊಂಡು ತಾನಿರೋವರೆಗೂ ಹೇಳೋಕೆ ಬಿಡ್ಲಿಲ್ವಂತೆ. ನಿನಗೆ ಗೊತ್ತಿರ್ಲಿಲ್ವಾ?’

ಗೊತ್ತಿರಲಿಲ್ಲ. ಆ ಚುಕ್ಕಿ ನಾನಲ್ಲ. ತೊಟ್ಟಿಲಿನ ಒಳಗಿದ್ದವಳು ನಾನು. ತೊಟ್ಟಿಲಿನ ಹೊರಗೆ ಉಳಿದದ್ದಕ್ಕೆ ಅಮ್ಮ ಒಂದು ಜಾಗ ಕೊಟ್ಟಿದ್ದಳು, ಅದಕ್ಕೆ ಇದ್ದ ಜಾಗ ಅದೊಂದೇ. ಅದನ್ನೇ ನಾನು ಹೊಟ್ಟೆಕಿಚ್ಚಿನಿಂದ ಗೆರೆ ಎಳೆದು ಮುಚ್ಚಿದ್ದೆ. ಅಕ್ಕ ಬೆರಳು ತೋರಿಸಿ ತಲೆಯಾಡಿಸಿದ್ದು ಯಾಕೆ ಎಂದು ಆಗ ತಿಳಿಯಿತು. ಕಾಲಿಗೆ ಬೀಳಲು ಅವಳಿರಲಿಲ್ಲ, ನೋಡಲು ಪುಟವಿರಲಿಲ್ಲ.

ರಾಜಾಜಿನಗರಕ್ಕೆ ಮರಳಿದಾಗ ಬಾಗಿಲ ಮುಂದೆ ಏನೂ ಉಳಿದಿರಲಿಲ್ಲ. ‘ಇರುವೆ ಎಲ್ಲಾನೂ ಹೊತ್ಕೊಂಡು ಹೋದ್ವು ಕಣ್ರೀ’ ಎಂದರು ಶಾರದಮ್ಮ. ಅದನ್ನು ಹಾಕಿದವರು ಯಾರು? ನಿದ್ದೆಗಣ್ಣಿನಲ್ಲಿ ನಾನೇ ಹಾಕಿದೆ ಎನ್ನೋಣವೆಂದರೆ, ಎದ್ದು ಬುತ್ತಿ ಕಟ್ಟಿ ಗಂಡನನ್ನು ಕಳಿಸಿದವಳಿಗೆ ನಿದ್ದೆಗಣ್ಣು ಎಲ್ಲಿ ಬಂತು? ಹಿಟ್ಟು ಎಲ್ಲಿಂದ ಬಂತು? ಅಕ್ಕ ಕಂಬಳಿಯ ಮೇಲೆ ಸುತ್ತುತ್ತಿದ್ದ ಬೆರಳಿಗೂ ಇದಕ್ಕೂ ಏನು ಸಂಬಂಧ? ಮತ್ತೆ ಆ ಎರಡನೆಯ ಚುಕ್ಕಿ ಯಾರದು? ಅಕ್ಕನ ಉಳಿಯದ ಕೂಸಿನದೋ, ಮಾರನೆಯ ದಿನ ಹೋಗಲಿದ್ದ ಅಕ್ಕನದೋ, ಬದುಕಿದ್ದೂ ಹೊರಗಾದ ನನ್ನದೋ? ಇಷ್ಟು ವರ್ಷ ಯೋಚಿಸಿದ್ದೇನೆ. ಗೊತ್ತಿಲ್ಲ.

ನಾಗುವಿನ ಮದುವೆ ಗೊತ್ತಾದಾಗ ಒಂದು ದಪ್ಪ ನೋಟ್‌ಬುಕ್ಕು ತಂದು, ಅಜ್ಜಿಯ ಮತ್ತು ಅಮ್ಮನ ರಂಗೋಲಿಗಳಲ್ಲಿ ನೆನಪಿದ್ದಷ್ಟನ್ನೂ ಬರೆದೆ. ನೇಗಿಲು, ಗೊರಸು, ಎತ್ತು, ಅಕ್ಕನ ಗಿಳಿಯ ತೊಟ್ಟಿಲು, ಎಲ್ಲ ಕೈಗೆ ಬಂದವು. ನನ್ನ ತೊಟ್ಟಿಲಿನ ಹತ್ತಿರ ಬಂದು ಕೈ ನಿಂತಿತು. ಒಂದು ಚುಕ್ಕಿ ಬಿಡಬೇಕೋ ಎರಡು ಬಿಡಬೇಕೋ ತಿಳಿಯಲಿಲ್ಲ. ಆ ಪುಟವನ್ನು ಹಾಗೆಯೇ ಬಿಟ್ಟು ಮುಂದೆ ಹೋದೆ. ಮಡಿಲು ತುಂಬುವಾಗ ಅಕ್ಕಿಯ ಜೊತೆ ಅದನ್ನು ಅವಳ ಮಡಿಲಿಗೆ ಹಾಕಿದೆ. ಹುಡುಗಿ ಎಷ್ಟು ಸಂತೋಷಪಟ್ಟಳು! ಅಲ್ಲೇ ಕೂತು ಪುಟ ಮಗುಚಿ ನೋಡಿದಳು.

‘ಚಿಕ್ಕಮ್ಮ, ಇದೊಂದು ಪುಟ ಯಾಕೆ ಖಾಲಿ ಬಿಟ್ಟಿದೀರಾ?’

ಸುತ್ತಲೂ ಜನರಿದ್ದರು. ವಾಲಗ ನಿಂತಿತ್ತು. ನಾನು ಹೇಳಿದೆ:

‘ಹಾಳೆ ಅಂಟ್ಕೊಂಡಿತ್ತು ಕಣೇ. ಕಣ್ಣು ಕಾಣ್ಲಿಲ್ಲ, ಬಿಟ್ಟೋಯ್ತು.’